ಮತ್ತೆ ಮೆತ್ತಗಾದ ಕ್ಲಚ್

"ಸರೀರೀ... ಪಕ್ಕಕ್ಕೆ ಸರೀರೀ! ನಿಲ್ತಾನೇ ಇಲ್ಲ ಇದು!"

ಸ್ಪ್ಯಾನರ್ ಹಿಡಿದು ಕೆಲಸದಲ್ಲಿದ್ದ ಅವಳು ತಲೆ ಎತ್ತುವಷ್ಟರಲ್ಲಿ ಬೈಕೊಂದು ಗ್ಯಾರೇಜಿನ ಬಾಗಿಲು ದಾಟಿ ನೇರ ಅವಳ ಮೇಲೇ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ಅವಳು ಪಕ್ಕಕ್ಕೆ ಜಿಗಿದು, ಕೈ ಚಾಚಿ ಕೀ ತಿರುಗಿಸಿದಳು. ಗಾಡಿ ಒಮ್ಮೆ ಗಕ್ಕನೆ ಕುಲುಕಿ ಸುಮ್ಮನಾಯಿತು.

ಹೆಲ್ಮೆಟ್ಟಿನೊಳಗಿನ ಎರಡು ಗಾಬರಿಗಣ್ಣುಗಳು ಅವಳ ಮುಖದಿಂದ ಒಂದು ಗೇಣು ದೂರದಲ್ಲಿದ್ದವು.

"ಕೀ ಅಂತ ಒಂದಿರುತ್ತೆ," ಎಂದಳು.

"ಮರ್ತೋಯ್ತು..."

"ಬ್ರೇಕು?"

"ಅದೂ ಮರ್ತೋಯ್ತು! ಕ್ಲಚ್ ಪೂರ್ತಿ ಹಿಡ್ಕೊಂಡಿದ್ದೀನಿ, ಆದ್ರೂ ಗಾಡಿ ಮುಂದಕ್ಕೇ ಹೋಗುತ್ತೆ ಅಂದ್ರೆ ತಲೆ ಓಡುತ್ತೇನ್ರೀ?"

ಅವಳಿಗೆ ನಗು ತಡೆಯಲಾಗಲಿಲ್ಲ. ಒಳಗಿನಿಂದ ಗ್ಯಾರೇಜಿನ ಯಜಮಾನ, ಅವಳ ಸೋದರಮಾವ, "ಯಾರೇ ಪುಟ್ಟೀ ಅದು?" ಎಂದು ಕೂಗಿದ.

"ಮುಂದಿನ ಬೀದಿ ಟೈಲರ್ರು ಮಾವ. ಪ್ಯಾಂಟ್ ಹೊಲಿಯೋಕೆ ಬಂದಿಲ್ಲ, ನಮ್ಮನ್ನೇ ಕತ್ತರಿಸೋಕೆ ಬಂದಿದ್ದಾರೆ!"

ಅವಳು ಕ್ಲಚ್ ಲಿವರ್ ಒತ್ತಿ ನೋಡಿದಳು. ಹಿಟ್ಟಿನ ಮುದ್ದೆ ಅಮುಕಿದ ಹಾಗೆ ಮೆತ್ತಗಿತ್ತು. ಅದು ಕೇಬಲ್ ಕ್ಲಚ್ ಅಲ್ಲ, ಎಣ್ಣೆಯ ಒತ್ತಡದಿಂದ ಕೆಲಸ ಮಾಡುವಂಥದ್ದು. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯಲ್ಲಿ ಎಣ್ಣೆ ತಳ ಕಂಡಿತ್ತು. ಎಣ್ಣೆ ಕಮ್ಮಿಯಾದ ಜಾಗಕ್ಕೆ ಗಾಳಿ ಹೊಕ್ಕಿದೆ. ಲಿವರಿನ ಬಳಿ ಎಣ್ಣೆ ತಳ್ಳುವ ಮೇಲಿನ ಸಿಲಿಂಡರಿನ ರಬ್ಬರ್ ಸೀಲ್ ಸವೆದಿರಬೇಕು ಎಂದುಕೊಂಡು ಅದನ್ನು ಬದಲಾಯಿಸಿದಳು. ಹೊಸ ಎಣ್ಣೆ ತುಂಬಿ, ಮಾವನ ನೆರವಿನಿಂದ ಗಾಳಿ ತೆಗೆದಳು. ಲಿವರ್ ಗಟ್ಟಿಯಾಯಿತು.

ಅವನು ಖುಷಿಯಾಗಿ ಹೋದ. ಎರಡು ದಿನಕ್ಕೇ ಮತ್ತೆ ಬಂದ... ಹಾರ್ನ್ ಸಣ್ಣಗಾಗಿದೆಯಂತೆ! ಆಮೇಲೆ ಕನ್ನಡಿ ಸಡಿಲವಂತೆ! ಟೈರಿಗೆ ಗಾಳಿಯಂತೆ!

'ಗಾಳಿ ಟೈರಿಗೋ, ಇವನ ತಲೆಗೋ...' ಎಂದು ಅವಳು ಮನಸ್ಸಿನಲ್ಲೇ ನಗುತ್ತಿದ್ದಳು. ಆದರೂ ಆ ಬೈಕಿನ ಸದ್ದು ತಿರುವಿನಲ್ಲಿ ಕೇಳಿದರೆ ಕೈ ತಾನಾಗಿ ಕೆನ್ನೆಯ ಮಸಿ ಒರೆಸಿಕೊಳ್ಳುತ್ತಿತ್ತು.

ಒಂದು ದಿನ ಅವನು ಗಾಡಿ ತಳ್ಳಿಕೊಂಡೇ ಬಂದ. ಬೆವರಿಳಿದಿತ್ತು.

"ಕ್ಲಚ್ ಮತ್ತೆ ಹೋಯ್ತು."

ಅಂದು ಗ್ಯಾರೇಜಿನ ತುಂಬ ಗಿರಾಕಿಗಳು. ಮಾವನಿಗೆ ತಮಾಷೆ ಮಾಡಲು ಅಷ್ಟೇ ಸಾಕಿತ್ತು.

"ಟೈಲರಪ್ಪ, ಎಣ್ಣೆ ತಾನಾಗೇ ಇಳೀತೋ, ನಮ್ಮ ಪುಟ್ಟೀನ ನೋಡೋಕೆ ನೀನೇ ಇಳಿಸಿದ್ಯೋ?"

ಎಲ್ಲರೂ ಘೊಳ್ಳೆಂದು ನಕ್ಕರು. ಅವಳ ಮುಖ ಕೆಂಪೇರಿತು. ನಾಚಿಕೆ ಸಿಟ್ಟಾಗಲು ಎಷ್ಟು ಹೊತ್ತು ಬೇಕು?

"ಹೌದೇನ್ರೀ? ನಾನು ಮಾಡಿದ ಕೆಲಸ ಅಷ್ಟು ಬೇಗ ಕೆಡಲ್ಲ. ನೀವೇ ಬಿಚ್ಚಿದ್ರಾ?"

ಅವನ ನಗು ಆರಿತು.

"ನಾನು ಹೊಲಿದ ಅಂಗಿ ಬಿಚ್ಕೊಂಡ್ರೆ, ದಾರ ನೀವೇ ಕಿತ್ತಿರಿ ಅಂತ ಯಾವ ಗಿರಾಕಿಗೂ ಅಂದಿಲ್ಲ ನಾನು," ಎಂದ ಮೆಲ್ಲಗೆ. "ಶಾಲೆ ಮುಂದೆ ಮಕ್ಕಳು ದಾಟ್ತಿದ್ರು. ಕ್ಲಚ್ ಹಿಡಿದು ನಿಂತಿದ್ದೆ, ಗಾಡಿ ಜಿಗೀತು. ಬ್ರೇಕ್ ನೆನಪಿತ್ತು, ಉಳ್ಕೊಂಡ್ವಿ... ಬೇಕೂಂತ ಇಂಥದ್ದು ಮಾಡೋನ ಹಾಗೆ ಕಾಣ್ತೀನಾ?"

ಗಾಡಿ ಅಲ್ಲೇ ಬಿಟ್ಟು ನಡೆದುಕೊಂಡು ಹೊರಟೇಹೋದ.

ಮರುದಿನ ಬೆಳಿಗ್ಗೆ ಕಸ ಗುಡಿಸಲೆಂದು ಬೈಕ್ ಸರಿಸಿದಳು. ನೆಲಕ್ಕೆ ಬಳಿದಿದ್ದ ಹಸಿರು ಬಣ್ಣ, ಎಂಜಿನ್ನಿನ ಕೆಳಗಿದ್ದಷ್ಟು ಜಾಗದಲ್ಲಿ ಗುಳ್ಳೆ ಎದ್ದು ಸುಲಿದಿತ್ತು. ಬೆರಳಿಟ್ಟು ನೋಡಿದಳು. ಎಂಜಿನ್ ಆಯಿಲ್‌ನ ಕಪ್ಪು ಅಲ್ಲ... ಬಣ್ಣ ತಿನ್ನುವುದು ಕ್ಲಚ್ಚಿನ ಎಣ್ಣೆ!

ಚೈನ್ ಕವರ್ ಬಿಚ್ಚಿದಳು. ಅದರ ಹಿಂದೆ, ಎಂಜಿನ್ ಪಕ್ಕದಲ್ಲಿ ಕ್ಲಚ್ಚನ್ನು ತಳ್ಳುವ ಇನ್ನೊಂದು ಸಿಲಿಂಡರ್ ಒದ್ದೆಯಾಗಿ ಕೂತಿತ್ತು. ಸೋರಿಕೆ ಮೊದಲಿಂದಲೂ ಕೆಳಗೆ! ಅವಳು ರಿಪೇರಿ ಮಾಡಿದ್ದು ಮೇಲೆ!

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೀನಿ ಮಾವ..." ಅವಳ ಕಣ್ಣು ತುಂಬಿತು. "ಮೇಲಾಗಿ ಅವರನ್ನೇ ಬೈದೆ. ಆ ಮಕ್ಕಳಿಗೇನಾದ್ರೂ ಆಗಿದ್ರೆ?"

ಮಾವ ತಲೆ ತುರಿಸಿಕೊಂಡ. "ನನ್ನ ನಾಲಿಗೆಗೂ ಬರೆ ಹಾಕ್ಬೇಕು ಕಣೇ. ಹೋಗು, ಕರ್ಕೊಂಡು ಬಾ."

ಟೈಲರ್ ಅಂಗಡಿಯಲ್ಲಿ ಅವನು ಮಷಿನ್ ಮುಂದೆ ಕೂತಿದ್ದ. ಅವಳನ್ನು ಕಂಡು ಪೆಡಲ್ ತುಳಿಯುತ್ತಿದ್ದ ಕಾಲು ನಿಂತಿತು.

"ತಪ್ಪು ನಂದು," ಎಂದಳು ಉಸಿರೆಳೆದುಕೊಳ್ಳದೆ. "ಕೆಳಗಿನ ಸೀಲ್ ಹೋಗಿತ್ತು. ನಾನು ನೋಡ್ಲಿಲ್ಲ. ನೋಡದೆ ನಿಮ್ಮ ಮೇಲೆ ಹಾಕ್ದೆ. ಕ್ಷಮ್ಸಿ. ಹೊಸ ಸೀಲ್ ತಂದಿದ್ದೀನಿ... ಗಾಳಿ ತೆಗೆಯೋಕೆ ಇನ್ನೊಂದು ಕೈ ಬೇಕು."

"ಮಾವ ಇಲ್ವಾ?"

"ಇದ್ದಾರೆ..." ಅವಳು ತಲೆ ತಗ್ಗಿಸಿದಳು. "ನಿಮ್ಮ ಕೈ ಬೇಕು."

ಅವನು ಹೊಲಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಸೀಲ್ ಕೂರಿಸಿ, ಡಬ್ಬಿಗೆ ಎಣ್ಣೆ ತುಂಬಿ, ಅವಳು ಸ್ಪ್ಯಾನರ್ ಹಿಡಿದು ಕೆಳಗೆ ಕೂತಳು. ಅವನು ಲಿವರ್ ಹಿಡಿದ.

"ಒತ್ತಿ... ಬಿಡಿ... ಒತ್ತಿ... ಈಗ ಹಾಗೇ ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡ್ಬಾರ್ದು!"

ಕೆಳಗಿನ ಸಿಲಿಂಡರಿನ ಗಾಳಿ ತೆಗೆಯುವ ತಿರುಪು ಸಡಿಲಿಸಿದಳು. ಅದಕ್ಕೆ ಸಿಕ್ಕಿಸಿದ್ದ ಪಾರದರ್ಶಕ ಸಣ್ಣ ಪೈಪಿನಲ್ಲಿ ಗುಳ್ಳೆಗಳು ಸಾಲಾಗಿ ಓಡಿದವು. ತಿರುಪು ಬಿಗಿಸಿದಳು. "ಬಿಡಿ." ಮತ್ತೆ, ಮತ್ತೆ. ಗುಳ್ಳೆ ಕಮ್ಮಿಯಾಗುತ್ತಾ ಬಂತು.

"ಒಂದು ಮಾತು," ಎಂದ ಅವನು ಮೇಲಿನಿಂದ. "ಕ್ಲಚ್ಚನ್ನ ನಾನು ಮುಟ್ಟಿಲ್ಲ. ಆದ್ರೆ ಹಾರ್ನು..."

"ಹಾರ್ನು?"

"ಚೆನ್ನಾಗೇ ಇತ್ತು."

ಅವಳು ತಿರುಪು ಬಿಗಿಸುವುದನ್ನೇ ಮರೆತಳು. "ಕನ್ನಡಿ?"

"ಅದನ್ನ... ನಾನೇ ಸಡಿಲ ಮಾಡಿದ್ದೆ."

"ಅಯ್ಯೋ ಕಳ್ಳ!"

"ಬಿಡ್ಲಾ?"

"ಬೇಡ, ಬೇಡ, ಗಾಳಿ ಒಳಗೆ ಹೋಗುತ್ತೆ!" ಗಡಿಬಿಡಿಯಲ್ಲಿ ತಿರುಪು ಬಿಗಿಸಿದಳು. ಬಾಗಿಲ ಹಿಂದೆ ಮಾವ ಕೆಮ್ಮಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಅವಳು ಎದ್ದು ಲಿವರ್ ಒತ್ತಿದಳು. ಮೊದಲ ಎಳೆತದಲ್ಲೇ ಗಟ್ಟಿಯಾಗಿ ಕೈಗೆ ಸಿಕ್ಕಿತು. ಅವನ ಕೈ ಇನ್ನೂ ಅಲ್ಲೇ ಇತ್ತು. ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ.

"ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ," ಎಂದ. "ಈಗ ಗಾಡಿ ಸರಿಹೋಯ್ತಲ್ಲ... ಇನ್ನು ಯಾವ ನೆಪ ಹೇಳ್ಕೊಂಡು ಬರ್ಲಿ?"

ಅವಳು ಮಸಿ ಹತ್ತಿದ ಮುಖದಲ್ಲೇ ನಕ್ಕಳು.

"ದಡ್ಡರು ನೀವು. ಗಾಡಿ ಸರಿಹೋದ್ರೆ ತಾನೇ ಇಬ್ಬರು ಕೂತ್ಕೊಂಡು ಹೋಗೋಕಾಗೋದು?"

"ಹಾಗಾದ್ರೆ... ಹತ್ತೀರಾ?"

"ಸರೀರಿ ಹಿಂದಕ್ಕೆ. ಮೊದಲ ಸುತ್ತು ನಾನೇ ಓಡಿಸ್ತೀನಿ!"