ಒಂಟಿಕಾಲಿನ ಸಾಕ್ಷಿ

ಪೆಟ್ಟಿಗೆ ಖಾಲಿ!

ಮುಚ್ಚಳ ತೆರೆದ ಚನ್ನವೀರಯ್ಯ ಮೇಷ್ಟ್ರು ಎತ್ತಿದ ಕೈ ಇಳಿಸುವುದನ್ನೇ ಮರೆತರು. ಒಳಗೆ ಹಾಸಿದ ಕೆಂಪು ಮಖಮಲ್ಲಿನಲ್ಲಿ ಲೆನ್ಸು ಕೂರುವ ಗುಂಡಿ ಇತ್ತು. ಲೆನ್ಸು ಇರಲಿಲ್ಲ.

"ರಂಗಾ, ತೋಪೆಲ್ಲೋ?"

ರಂಗನಾಥ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದ. ಪೆಟ್ಟಿಗೆ ಕಾಯಲು ಬಿಟ್ಟಿದ್ದು ಅವನನ್ನೇ.

"ಒಳಗೇ ಇರ್ಬೇಕಲ್ವಾ ಮೇಷ್ಟ್ರೇ... ನಾನು ಮುಟ್ಟೇ ಇಲ್ಲ!"

ಎರಡು ಸಾವಿರದ ಒಂದನೇ ಇಸವಿಯ ಜನವರಿ, ಭಾನುವಾರದ ಬೆಳಗು. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ, ಬೇವಿನ ಮರದಡಿ, ತುಮಕೂರಿನ ಫೋಟೋ ಕ್ಲಬ್ಬಿನ ಐದು ಜನ ಆ ಪೆಟ್ಟಿಗೆಯ ಸುತ್ತ ನಿಂತಿದ್ದರು. ಕೆರೆಯ ನಡುವೆ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ಹಿಂಡು ತೇಲುತ್ತಿತ್ತು. ಹಿಮಾಲಯ ದಾಟಿ ಬಂದ ಅತಿಥಿಗಳು! ಅವಕ್ಕಾಗಿಯೇ ಇವರು ಕತ್ತಲಲ್ಲಿ ಎದ್ದು ಬಂದಿದ್ದರು. ಈಗ ಅವುಗಳ ಕಡೆ ತಿರುಗಿ ನೋಡುವವರೇ ಇಲ್ಲ.

ತೋಪು ಎಂದರೆ ಗುಂಡು ಹಾರಿಸುವ ತೋಪಲ್ಲ, ಮುನ್ನೂರು ಎಂ.ಎಂ. ಲೆನ್ಸು. ಬೆಂಗಳೂರಿನ ಹಳೆಯ ಪತ್ರಿಕಾ ಫೋಟೋಗ್ರಾಫರ್ ಒಬ್ಬರು ನಿವೃತ್ತರಾದಾಗ, ಡ್ರಾಯಿಂಗ್ ಮೇಷ್ಟ್ರಾಗಿದ್ದ ಚನ್ನವೀರಯ್ಯ ಕೋರದ ಬಳಿಯ ಸೈಟು ಮಾರಿ ಅದನ್ನು ತಂದಿದ್ದರು. ಮಡದಿ ತಿಪ್ಪಮ್ಮ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದರು. ಆಗಷ್ಟೇ ಹುಟ್ಟಿದ ಎಳೆಗೂಸಿನಷ್ಟು ಭಾರ. ಬರಿಗೈಯಲ್ಲಿ ಹಿಡಿದರೆ ನಾಲ್ಕು ಫೋಟೋ ತೆಗೆಯುವಷ್ಟರಲ್ಲಿ ತೋಳು ಸೋತು ಹೋಗುತ್ತಿತ್ತು. ಅದಕ್ಕೆ ಆಸರೆಯಾಗಿ ಒಂದು ಮಾನೋಪಾಡ್ ಇತ್ತು. ಮೂರು ಕಾಲಿನ ಸ್ಟ್ಯಾಂಡ್ ಅಲ್ಲ, ಒಂದೇ ಕಾಲಿನ ಗಟ್ಟಿ ಕೋಲು. ಕ್ಲಬ್ಬಿನಲ್ಲಿ ಅದರ ಹೆಸರು ಒಂಟಿಕಾಲು.

ಆ ದಿನದ ಮಹತ್ವವೇ ಬೇರೆ. ಮೇಷ್ಟ್ರ ಬಲಗೈ ಈಚೆಗೆ ನಡುಗುತ್ತಿತ್ತು. "ಮನೆಗೆ ಹೋಗೋದ್ರೊಳಗೆ ತೋಪನ್ನ ನಿಮ್ಮಲ್ಲಿ ಒಬ್ಬರ ಕೈಗೆ ಒಪ್ಪಿಸ್ತೀನಿ" ಎಂದು ಕಾರು ಹತ್ತುವಾಗಲೇ ಹೇಳಿದ್ದರು. ಯಾರ ಕೈಗೆ? ಸತ್ಯಮಂಗಲದ ಕಾರ್ಖಾನೆಯಲ್ಲಿ ಲೇತ್ ಓಡಿಸುವ ರಂಗನಾಥ ಅದು ತನ್ನ ಕೈಗೇ ಬರಲಿ ಎಂದು ಮನಸ್ಸಿನಲ್ಲೇ ಎಷ್ಟು ಸಲ ಬೇಡಿಕೊಂಡಿದ್ದನೋ! ಈಗ ನೋಡಿದರೆ ಲೆನ್ಸು ಕೈಗೆ ಬರುವುದಿರಲಿ, ಕಳ್ಳನೆಂಬ ಹೆಸರು ಬರುವ ಹಾಗಿತ್ತು.

"ಪೊಲೀಸ್‌ಗೆ ಫೋನ್ ಮಾಡ್ತೀನಿ" ಎಂದು ಲಕ್ಷ್ಮೀಕಾಂತ್ ಮೊಬೈಲ್ ಎತ್ತಿದ. ತುಮಕೂರಿನ ಬಟ್ಟೆ ಅಂಗಡಿಯವರ ಮಗ, ಬಂದಿದ್ದ ಕಾರು ಅವನದೇ. ಫೋನನ್ನು ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ. "ಥತ್, ಟವರ್ರೇ ಇಲ್ಲ!"

"ಒಳ್ಳೇದೇ ಆಯ್ತು" ಎಂದರು ಉಮಾಮಹೇಶ್ವರಿ. "ಇಲ್ಲಿಂದ ಯಾರೂ ಕದಲಬೇಡಿ. ಮೊದಲು ನಾನು ನಾಲ್ಕು ಮಾತು ಕೇಳ್ತೀನಿ."

ಉಮಾಮಹೇಶ್ವರಿ ಗುಬ್ಬಿ ಕೋರ್ಟಿನ ವಕೀಲರು. ಜೇಬಿನಲ್ಲಿ ಹಿಡಿಯುವ ಪುಟ್ಟ ಕ್ಯಾಮೆರಾದಲ್ಲಿ ಹೂವಿನ ಫೋಟೋ ಮಾತ್ರ ತೆಗೆಯುತ್ತಿದ್ದರು. ದೊಡ್ಡ ಲೆನ್ಸಿನವರನ್ನು ಕಂಡರೆ ಅವರಿಗೆ ನಗು. ಬೆಳಿಗ್ಗೆ ಬಂದವರೇ ತಮಾಷೆಗೆ ಆ ಪುಟ್ಟ ಕ್ಯಾಮೆರಾವನ್ನು ಒಂಟಿಕಾಲಿನ ಮೇಲೆ ಕೂರಿಸಲು ಹೋಗಿದ್ದರು. ಅದು ಕೂರಲಿಲ್ಲ. ಎಲ್ಲರೂ ನಕ್ಕಿದ್ದರು.

"ಅದು ದಪ್ಪ ಸ್ಕ್ರೂ ಕಣಮ್ಮ, ತೋಪಿಗೆ ಮಾತ್ರ" ಎಂದಿದ್ದರು ಮೇಷ್ಟ್ರು. ಆಮೇಲೆ ಪಾಠವೇ ಶುರುವಾಗಿತ್ತು. ಒಂಟಿಕಾಲು ಕೊಳ್ಳುವಾಗ ಲೆನ್ಸಿನ ಎರಡರಷ್ಟು ಭಾರ ಹೊರುವಂಥದ್ದನ್ನೇ ಕೊಳ್ಳಬೇಕು. ನಿಂತವನ ಕಣ್ಣಿನ ಮಟ್ಟಕ್ಕೆ ಬರಬೇಕು, ಬಗ್ಗಿ ನೋಡುವಂತಿರಬಾರದು. ಒಂದರೊಳಗೊಂದು ಸೇರುವ ಮಡಿಕೆ ಕಡಿಮೆ ಇದ್ದಷ್ಟೂ ಗಟ್ಟಿ. ನಿನ್ನ ಎರಡು ಕಾಲು ಅಗಲಿಸಿ ನಿಂತು ಅದರ ಮೇಲೆ ಒರಗು, ಆಗ ಮೂರು ಕಾಲಾಯಿತಲ್ಲ! ರಂಗನಾಥನಿಗೆ ಇದೆಲ್ಲ ಬಾಯಿಪಾಠ.

"ಮೇಷ್ಟ್ರೇ, ತಿಂಡಿಗೆ ಮುಂಚೆ ಏನಾಯ್ತು?"

"ರೀಲ್ ಮುಗೀತು. ಲೆನ್ಸ್ ಬಿಚ್ಚಿ ಪೆಟ್ಟಿಗೆಗೆ ಇಟ್ಟೆ. ಒಂಟಿಕಾಲನ್ನ ಈ ಮರಕ್ಕೆ ಒರಗಿಸ್ದೆ. ಕ್ಯಾಮೆರಾ ತಗೊಂಡು ಕಾರೊಳಗೆ ನೆರಳಲ್ಲಿ ಹೊಸ ರೀಲ್ ಹಾಕೋಕೆ ಹೋದೆ."

"ನಾನೂ ನಿಮ್ಮ ಜೊತೆ ಬಂದು ಚಿತ್ರಾನ್ನದ ಡಬ್ಬಿ ಬಿಚ್ತಿದ್ದೆ. ಲಕ್ಷ್ಮೀಕಾಂತ್, ನೀವು?"

"ಅಲ್ಲೇ ಮುಂದಿನ ಸೀಟಲ್ಲಿ ನಿದ್ದೆ. ಮೇಷ್ಟ್ರೇ ಎಬ್ಬಿಸಿದ್ದು."

"ಚನ್ನೇಶ್?"

ಚನ್ನೇಶ್ ಮೇಷ್ಟ್ರ ತಮ್ಮನ ಮಗ. ಗುಬ್ಬಿಯಲ್ಲಿ ಸ್ಟುಡಿಯೋ ಇಟ್ಟಿದ್ದ. ಸುತ್ತಿನ ಮದುವೆಗಳೆಲ್ಲ ಅವನವೇ. ಕುತ್ತಿಗೆಯಲ್ಲಿ ಕ್ಯಾಮೆರಾ ತೂಗುತ್ತಿತ್ತು, ಕಂದು ಬಣ್ಣದ ಚರ್ಮದ ಕವಚದೊಳಗೆ, ಗುಂಡಿ ಹಾಕಿ.

"ನಾನು ತೂಬಿನ ಆಚೆ ಸಿಗರೇಟ್ ಸೇದ್ತಿದ್ದೆ ಮೇಡಂ. ದೊಡ್ಡಪ್ಪನ ಮುಂದೆ ಸೇದೋಕಾಯ್ತದಾ?"

"ರಂಗನಾಥ್, ನೀವು ಪೆಟ್ಟಿಗೆ ಪಕ್ಕಾನೇ ಇದ್ರಾ?"

ರಂಗನಾಥ ತಲೆ ತಗ್ಗಿಸಿದ.

"ಇರ್ನಿಲ್ಲ ಮೇಡಂ. ಮಿಂಚುಳ್ಳಿ ಒಂದು ಮೀನು ಕಚ್ಕೊಂಡು ಹಾರ್ತು. ಅದ್ರ ಹಿಂದೆ ಏರಿ ಕೊನೇವರ್ಗೂ ಹೋಗ್ಬುಟ್ಟೆ. ಬಂದಾಗ ಮುಚ್ಚಳ ಮುಚ್ಚಿತ್ತು. ಒಳ್ಗಡೆ ಐತೆ ಅಂದ್ಕೊಂಡೆ."

"ಮಿಂಚುಳ್ಳಿಯಂತೆ ಮಿಂಚುಳ್ಳಿ!" ಲಕ್ಷ್ಮೀಕಾಂತ್ ಸಿಡಿದ. "ಎಲ್ಲರ ಬ್ಯಾಗೂ ತೆಗೀರಿ. ಇವನದೇ ಮೊದಲು!"

ರಂಗನಾಥನ ಬ್ಯಾಗು ಕೈಯಿಂದ ಕೈಗೆ ಹೋಯಿತು. ಸ್ವೆಟರ್ ಬಂತು, ನೀರಿನ ಬಾಟಲಿ ಬಂತು. ಆಮೇಲೆ ಧೊಪ್ಪೆಂದು ಕೆಳಗೆ ಬಿದ್ದದ್ದು — ಒಂದು ಇಟ್ಟಿಗೆ! ಸುತ್ತ ತೆಂಗಿನ ಹಗ್ಗ ಬಿಗಿದ ಇಡೀ ಇಟ್ಟಿಗೆ.

ಎಲ್ಲರೂ ಬಗ್ಗಿ ನೋಡಿದರು.

"ನೋಡಿದ್ರಾ!" ಲಕ್ಷ್ಮೀಕಾಂತ್ ಕುಣಿದ. "ಲೆನ್ಸ್ ಎತ್ತಿ ಪೆಟ್ಟಿಗೆಗೆ ಇದನ್ನ ತುಂಬೋ ಪ್ಲ್ಯಾನು. ಟೈಮ್ ಸಿಕ್ಕಿಲ್ಲ ಅಷ್ಟೇ!"

"ಏನ್ಲಾ ರಂಗ, ನೀನಾ?" ಎಂದ ಚನ್ನೇಶ್, ಆದರೆ ಮುಖ ಬೇರೆ ಕಡೆ ತಿರುಗಿಸಿ.

ಮೇಷ್ಟ್ರು ಇಟ್ಟಿಗೆಯನ್ನೇ ನೋಡುತ್ತಿದ್ದರು. ರಂಗನಾಥನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಯಾರು ಏನಾದರೂ ಅಂದುಕೊಳ್ಳಲಿ, ಮೇಷ್ಟ್ರು ಹಾಗೆ ನೋಡಬಾರದಿತ್ತು.

"ಇಟ್ಟಿಗೆ ಯಾಕೆ?" ಉಮಾಮಹೇಶ್ವರಿಯವರ ದನಿಯಲ್ಲಿ ಗದರಿಕೆ ಇರಲಿಲ್ಲ.

"ನಗಬಾರ್ದು ಮೇಡಂ."

"ನಗಲ್ಲ. ಹೇಳಿ."

"ನನ್ನತ್ರ ದೊಡ್ಡ ಲೆನ್ಸ್ ಎಲ್ಲೈತೆ? ಬಿದಿರು ಗಳುವಿನ ತುದಿಗೆ ಈ ಇಟ್ಟಿಗೆ ಕಟ್ಟಿ, ಹಾರೋ ಕಾಗೆಗೆ ಗುರಿ ಹಿಡ್ಕೊಂಡು ತಿರುಗ್ಸೋದು ಕಲೀತಿದೀನಿ. ತೋಪು ಕೈಗೆ ಬಂದ್ರೆ ಅಲ್ಲಾಡ್ಬಾರ್ದು ಅಂತ. ಇವತ್ತೂ ಟೈಮ್ ಸಿಕ್ರೆ ಮಾಡಾಣ ಅಂತ ತಂದಿದ್ದೆ."

ಲಕ್ಷ್ಮೀಕಾಂತ್ ಕಿಸಕ್ಕೆಂದು ನಕ್ಕ. ವಕೀಲರು ಮಾತು ಕೊಟ್ಟಿದ್ದರಿಂದ ನಗಲಿಲ್ಲ. ಮರಕ್ಕೆ ಒರಗಿಸಿದ್ದ ಒಂಟಿಕಾಲನ್ನು ತಂದು ಅವನ ಕೈಗಿತ್ತರು.

"ತೋರಿಸಿ ನೋಡೋಣ. ಇಟ್ಟಿಗೆ ಬೇಡ, ನಿಮ್ಮ ಕ್ಯಾಮೆರಾನೇ ಇದಕ್ಕೆ ಹಾಕಿ. ಸುಳ್ಳು ಹೇಳ್ತಿದ್ರೆ ಕಾಲು ಇಡೋದ್ರಲ್ಲೇ ಗೊತ್ತಾಗುತ್ತೆ."

ರಂಗನಾಥನ ಕೈ ಗಡಗಡ ನಡುಗುತ್ತಿತ್ತು. ತನ್ನ ಹಳೆಯ ಕ್ಯಾಮೆರಾವನ್ನು ಒಂಟಿಕಾಲಿನ ತಲೆಯ ಮೇಲಿಟ್ಟ, ಸ್ಕ್ರೂ ತಿರುಗಿಸಿದ, ಬಿಗಿಯಾಯಿತು. ಎಡಗಾಲು ಮುಂದೆ, ಬಲಗಾಲು ಹಿಂದೆ. ಮೊಣಕೈ ಎದೆಗೆ ಒತ್ತಿ ಒರಗಿದ. ಉಸಿರು ಕಟ್ಟಿದ. ನಡುಕ ನಿಂತುಹೋಯಿತು!

ಅದೇ ಹೊತ್ತಿಗೆ ಕೆರೆ ಭೋರ್ಗರೆದಂತಾಯಿತು. ಯಾವುದಕ್ಕೆ ಬೆದರಿದವೋ, ಹೆಬ್ಬಾತುಗಳ ಇಡೀ ಹಿಂಡು ಒಟ್ಟಿಗೆ ಮೇಲೆದ್ದಿತು! ರೆಕ್ಕೆಯ ಸದ್ದು, ಕೂಗು, ಸಿಡಿದ ನೀರು — ನೇರ ಏರಿಯ ಮೇಲಕ್ಕೇ ಬಂದವು. ತಲೆಗೆ ತಾಗುವಷ್ಟು ಕೆಳಗೆ! ರಂಗನಾಥ ಕಳ್ಳತನವನ್ನೂ ಮರೆತ, ಮಾನವನ್ನೂ ಮರೆತ. ಒಂಟಿಕಾಲಿನ ಮೇಲೆ ತಿರುಗುತ್ತ ಕ್ಲಿಕ್, ಕ್ಲಿಕ್, ಕ್ಲಿಕ್! ಪಕ್ಕದಲ್ಲಿ ಲಕ್ಷ್ಮೀಕಾಂತನ ಕ್ಯಾಮೆರಾ ಮಷೀನ್ ಗನ್ನಿನಂತೆ ಸದ್ದು ಮಾಡಿತು. ಮೇಷ್ಟ್ರು ಕೈಯಲ್ಲಿ ಏನೂ ಇಲ್ಲದಿದ್ದರೂ ಎರಡೂ ಕೈ ಕಣ್ಣಿನ ಮಟ್ಟಕ್ಕೆ ಎತ್ತಿದ್ದರು.

"ಅಗೋ! ಅಗೋ! ಎಷ್ಟು ಅವ್ವೆ ನೋಡಿ ದೊಡ್ಡಪ್ಪ!" ಚನ್ನೇಶ್ ಬೆರಳು ತೋರಿಸಿ ಕೂಗಿದ.

ಹಿಂಡು ದಾಟಿ ಹೋಯಿತು. ಉಮಾಮಹೇಶ್ವರಿ ಮಾತ್ರ ಆಕಾಶವನ್ನು ನೋಡಿರಲಿಲ್ಲ. ಅವರು ಈ ನಾಲ್ವರನ್ನು ನೋಡುತ್ತಿದ್ದರು.

"ಸಾಕು" ಎಂದರು. "ಇಟ್ಟಿಗೆ ಬ್ಯಾಗಿಗೆ ಹಾಕ್ಕೊಳ್ಳಿ ರಂಗನಾಥ್. ನೀವಲ್ಲ."

"ಮತ್ತೆ ಕಳ್ಳ ಯಾರು?" ಲಕ್ಷ್ಮೀಕಾಂತ್ ಕೇಳಿದ.

"ಕಳ್ಳ ಅಂತ ಯಾರು ಹೇಳಿದ್ದು? ಕದಿಯೋಕೆ ಬಂದವನು ಏನು ಮಾಡ್ತಾನೆ? ಪೆಟ್ಟಿಗೆಯಿಂದ ಲೆನ್ಸ್ ಎತ್ತಿಕೊಂಡು ಹೋಗ್ತಾನೆ. ಮರಕ್ಕೆ ಒರಗಿಸಿರೋ ಒಂಟಿಕಾಲಿನ ತಂಟೆ ಅವನಿಗ್ಯಾಕೆ?"

"ಒಂಟಿಕಾಲನ್ನ ಯಾರೂ ಮುಟ್ಟಿಲ್ವಲ್ಲ?" ಎಂದರು ಮೇಷ್ಟ್ರು.

"ಮುಟ್ಟಿದಾರೆ. ರಂಗನಾಥ್, ಈಗ ನಿಮ್ಮ ಕ್ಯಾಮೆರಾ ಅದರ ಮೇಲೆ ಹೇಗೆ ಕೂತ್ಕೊಂತು?"

"ಹೆಂಗೆ ಅಂದ್ರೆ... ಸ್ಕ್ರೂ ತಿರುಗಿಸ್ದೆ, ಕೂತ್ಕೊಂ..." ರಂಗನಾಥ ಅಲ್ಲೇ ನಿಂತ. ಪಟಾರನೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಕೂರ್ಬಾರ್ದಾಗಿತ್ತು!"

"ಹೌದಲ್ಲ! ಬೆಳಿಗ್ಗೆ ನನ್ನ ಪುಟ್ಟ ಕ್ಯಾಮೆರಾ ಇದರ ಮೇಲೆ ಕೂರಲಿಲ್ಲ. ಎಲ್ಲಾ ಕ್ಯಾಮೆರಾದ ತಳದಲ್ಲೂ ಇರೋದು ಸಣ್ಣ ತೂತು. ಮೇಲಿದ್ದಿದ್ದು ದಪ್ಪ ಸ್ಕ್ರೂ. ಎಲ್ಲರೂ ನೋಡಿ ನಕ್ಕಿದ್ರಿ. ಈಗ ಅದೇ ಒಂಟಿಕಾಲಿನ ಮೇಲೆ ಕ್ಯಾಮೆರಾ ಬೆಣ್ಣೆ ಹಾಗೆ ಕೂತ್ಕೊಂತು. ಯಾರಿಗೂ ಹೊಳೀಲಿಲ್ಲ."

ರಂಗನಾಥ ಆಗಲೇ ಕ್ಯಾಮೆರಾ ಬಿಚ್ಚಿ ನೋಡುತ್ತಿದ್ದ. ಆ ಸ್ಕ್ರೂವಿನ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಬಿಚ್ಚಿ ತಲೆಕೆಳಗು ಮಾಡಿ ಹಾಕಬಹುದು. ಬೆಳಿಗ್ಗೆ ದಪ್ಪ ತುದಿಯನ್ನು ಮೇಲೆ ಮಾಡಿ ಬಿಗಿದವನು ಅವನೇ. ಈಗ ಸಣ್ಣದು ಮೇಲಿತ್ತು.

"ಯಾರೋ ಅದನ್ನ ತಿರುವಿ ಹಾಕಿದಾರೆ" ಎಂದರು ವಕೀಲರು. "ಯಾಕೆ? ಲೆನ್ಸನ್ನಲ್ಲ, ಕ್ಯಾಮೆರಾನ ಒಂಟಿಕಾಲಿಗೆ ಕಟ್ಟೋಕೆ. ಮೇಷ್ಟ್ರೇ, ತೋಪನ್ನ ಹಾಗೆ ಹಾಕಿದ್ರೆ ಏನಾಗುತ್ತೆ?"

"ಅಯ್ಯಯ್ಯೋ, ಹಾಗೆ ಹಾಕೋದುಂಟಾ? ಭಾರ ಎಲ್ಲಾ ಲೆನ್ಸಿಂದು. ಲೆನ್ಸಿನ ಹೊಟ್ಟೆ ಕೆಳಗೇ ಒಂದು ಪಾದ ಇರ್ತದೆ, ಅದನ್ನ ಕಟ್ಟಬೇಕು. ಕ್ಯಾಮೆರಾನ ಕಟ್ಟಿದ್ರೆ ತೋಪು ಮುಂದೆ ಜೋತಾಡಿ ಕ್ಯಾಮೆರಾದ ಬಾಯೇ ಕಿತ್ಕೊಂಡು..."

ವಕೀಲರು ತಲೆಯಾಡಿಸಿದರು.

"ಈ ತಪ್ಪು ಯಾರು ಮಾಡ್ತಾರೆ? ಲಕ್ಷ್ಮೀಕಾಂತ್ ಕ್ಯಾಮೆರಾ ಬೇರೆ ಕಂಪನಿಯದು, ಅದಕ್ಕೆ ತೋಪು ಕೂರೋದೇ ಇಲ್ಲ. ರಂಗನಾಥ್‌ಗೆ ನಿಮ್ಮ ಪಾಠ ಬಾಯಿಪಾಠ. ಆದರೆ ಮದುವೆಮನೇಲಿ ಪುಟ್ಟ ಲೆನ್ಸ್ ಹಾಕಿ, ಕ್ಯಾಮೆರಾನ ಸ್ಟ್ಯಾಂಡಿಗೆ ಕಟ್ಟಿ ಕಟ್ಟಿ ಕೈಗೆ ಅದೇ ಅಭ್ಯಾಸ ಆಗಿರೋರು ಒಬ್ಬರಿದಾರೆ. ಈಗ ತಲೆ ಮೇಲೆ ಅಷ್ಟು ಹಕ್ಕಿ ಹಾರಿದಾಗ ಕಳ್ಳ ಅನ್ನಿಸಿಕೊಂಡವರೂ ಕ್ಯಾಮೆರಾ ಎತ್ತಿದ್ರು. ಮೇಷ್ಟ್ರು ಬರಿಗೈ ಎತ್ತಿದ್ರು. ಕೊರಳಲ್ಲಿ ಕ್ಯಾಮೆರಾ ಇದ್ದೂ ಬೆರಳು ಮಾತ್ರ ಎತ್ತಿದ್ದು ನೀವೊಬ್ಬರೇ — ಚನ್ನೇಶ್. ಆ ಚರ್ಮದ ಕವಚದ ಗುಂಡಿ ಬಿಚ್ಚಿ."

ಚನ್ನೇಶನ ಕೈ ಕವಚವನ್ನು ಅವುಚಿ ಹಿಡಿಯಿತು. ಮೇಷ್ಟ್ರು ಹತ್ತಿರ ಬಂದು, ನಡುಗುವ ಬೆರಳುಗಳಿಂದ ತಾವೇ ಗುಂಡಿ ಬಿಚ್ಚಿದರು. ಒಳಗಿದ್ದ ಕ್ಯಾಮೆರಾಗೆ ಬಾಯಿಯೇ ಇರಲಿಲ್ಲ. ಲೆನ್ಸು ಹಿಡಿಯುವ ಬಳೆ ಕಿತ್ತುಹೋಗಿ ಪ್ಲಾಸ್ಟಿಕ್ಕು ಸೀಳಿತ್ತು.

"ಒಂದೇ ಒಂದು ಫೋಟೋ ಅಂದ್ಕೊಂಡೆ ದೊಡ್ಡಪ್ಪ" ಚನ್ನೇಶ್ ಅಳತೊಡಗಿದ. "ನೀನು ರಂಗಂಗೇ ಕೊಡ್ತೀಯ ಅಂತ ಗೊತ್ತಿತ್ತು. ನನ್ನ ಕೈಲೂ ಆಗ್ತದೆ ಅಂತ ತೋರ್ಸಾಣ ಅಂತ... ತೂಬಿನ ಹತ್ರ ಜೋರಾಗಿ ತಿರುಗಿಸ್ದೆ. ಕಿತ್ಕೊಂಡು ಕಲ್ಲ ಮೇಲೆ ಉರುಳಿ ನೀರಿಗೆ ಬಿತ್ತು. ಹೆದ್ರಿಕೆ ಆಯ್ತು."

"ಲೆನ್ಸ್ ಬಿದ್ದಿದ್ದಕ್ಕೆ ನಾನು ಏನೂ ಅನ್ನಲ್ಲ ಕಣೋ" ಎಂದರು ಮೇಷ್ಟ್ರು. "ನನ್ನ ಕೈಯಿಂದಾನೂ ಬೀಳ್ಬಹುದಿತ್ತು. ಅವನ ಬ್ಯಾಗ್ ಸುರಿದು ಮಾನ ತೆಗೀವಾಗ ಸುಮ್ನೆ ನಿಂತು ನೋಡ್ತಿದ್ದೆಯಲ್ಲ, ಅದಕ್ಕೆ ಏನು ಹೇಳ್ತೀಯ?"

ಚನ್ನೇಶ್ ಅಂಗಿ ಕಳಚಿ ತೂಬಿನ ಬಳಿ ಎದೆಮಟ್ಟದ ನೀರಿಗೆ ಇಳಿದ. ಮೂರು ಸಲ ಮುಳುಗಿ ಎದ್ದು, ನಾಲ್ಕನೆಯ ಸಲ ತೋಪನ್ನು ಎದೆಗವಚಿಕೊಂಡು ಬಂದ. ಅದರ ಹೊಟ್ಟೆಯಿಂದ ಕೆರೆಯ ನೀರು ಸುರಿಯಿತು. ಮೇಷ್ಟ್ರು ಪಂಚೆಯ ಅಂಚಿನಿಂದ ಅದನ್ನು ಒರೆಸಿದರು, ಬಿಸಿಲಿಗೆ ಹಿಡಿದು ಗಾಜನ್ನು ನೋಡಿದರು.

"ಮುಂದಿನ ಗಾಜು ಒಡೆದಿಲ್ಲ. ಬೆಂಗ್ಳೂರಲ್ಲಿ ರಿಪೇರಿಗೆ ಕೊಡಾಣ. ಚನ್ನೇಶ, ಹೊತ್ಕೊಂಡು ಹೋಗಿ ಕೊಟ್ಟು ತರೋದು ನಿನ್ನ ಕೆಲ್ಸ. ಬದುಕಿದ್ರೆ ಬದುಕ್ತು."

ಲಕ್ಷ್ಮೀಕಾಂತ್ ಇಟ್ಟಿಗೆ ಎತ್ತಿ, ಮಣ್ಣು ಕೊಡವಿ, ತಾನೇ ರಂಗನಾಥನ ಬ್ಯಾಗಿಗೆ ಹಾಕಿದ. "ಸಾರಿ ಗುರೂ" ಎಂದ, ಮುಖ ನೋಡದೆ.

"ರಂಗ, ಬಾ ಇಲ್ಲಿ" ಮೇಷ್ಟ್ರು ಒಂಟಿಕಾಲನ್ನು ಅವನ ಕೈಗಿಟ್ಟರು. "ನಾನೂ ಒಂದು ಗಳಿಗೆ ನಿನ್ನನ್ನೇ ಅನುಮಾನಿಸ್ದೆ. ಮನಸ್ಸಲ್ಲಿ ಇಟ್ಕೋಬೇಡ. ತೋಪು ಬದುಕಿದ್ರೂ ನಿಂದೇ, ಸತ್ರೂ ನಿಂದೇ. ಇದು ಇವತ್ತಿಂದಾನೇ ನಿಂದು."

ರಂಗನಾಥನ ಕಣ್ಣು ತುಂಬಿ ಬಂತು. "ಮೇಷ್ಟ್ರೇ, ಬರೀ ಕಾಲು ಇಟ್ಕೊಂಡು ಏನ್ಮಾಡ್ಲಿ?"

"ಇಟ್ಟಿಗೆ ಐತಲ್ಲೋ! ಅದು ವಾಪಸ್ ಬರೋವರ್ಗೂ ಕಾಗೆ ಓಡಿಸ್ತಿರು."

ಎಲ್ಲರೂ ನಕ್ಕರು. ನೀರಿನಲ್ಲಿ ತೊಯ್ದು ನಡುಗುತ್ತಿದ್ದ ಚನ್ನೇಶನೂ ಅಳುತ್ತಲೇ ನಕ್ಕ. ರಂಗನಾಥ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂಟಿಕಾಲಿನ ಸ್ಕ್ರೂ ಬಿಚ್ಚಿದ. ದಪ್ಪ ತುದಿಯನ್ನು ಮೇಲೆ ಮಾಡಿ ಬಿಗಿಯಾಗಿ ತಿರುಗಿಸಿ ಇಟ್ಟ.