ಕೆಳಗಿನ ಸಾಲು

ಮೂರನೇ ಏಟಿಗೆ ನನ್ನ ಕನ್ನಡಕ ಹಾರಿ ಕಸದ ಬುಟ್ಟಿಯೊಳಗೆ ಬಿತ್ತು.

ಹೊಡೆದವನು ಬೀರು. ಹೆತ್ತವರು ಇಟ್ಟ ಹೆಸರಲ್ಲ. ಆಳನ್ನು ನೋಡಿದರೆ ಯಾರಾದರೂ ಹಾಗೇ ಕರೆಯುತ್ತಾರೆ... ಎರಡು ಬಾಗಿಲಿನ ಕಬ್ಬಿಣದ ಬೀರು!

"ಟೈಪಿಸ್ಟ್ ಎಲ್ಲಿ?"

"ಯಾವ ಟೈಪಿಸ್ಟ್?"

ನಾಲ್ಕನೇ ಏಟು.

ಮಧ್ಯಾಹ್ನ ಹನ್ನೆರಡೂವರೆ. ನನ್ನದೇ ಆಫೀಸು, ನನ್ನದೇ ಕುರ್ಚಿ. ಕೈಗಳನ್ನು ಹಿಂದಕ್ಕೆ ಎಳೆದು ಪ್ಯಾಕಿಂಗ್ ಟೇಪ್ ಸುತ್ತಿದ್ದರು. ಟೇಪೂ ನನ್ನದೇ.

ಕಿಟಕಿಯ ಹತ್ತಿರ ಬಿಲ್ಡರನ ಗುಮಾಸ್ತ ನಿಂತಿದ್ದ. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವನ ಯಜಮಾನ ಕಟ್ಟಿಸಿದ ನಾಲ್ಕು ಮಹಡಿಯ ಕಟ್ಟಡ ಹೋದ ವರ್ಷ ಕುಸಿದು ಆರು ಜನ ಸತ್ತಿದ್ದರು. ಕುಸಿದ ಮೇಲೆ ಒಂದು ಸೇಫ್ಟಿ ಸರ್ಟಿಫಿಕೇಟ್ ಹುಟ್ಟಿಕೊಂಡಿತು... ಹಳೇ ತಾರೀಖು ಹಾಕಿಸಿಕೊಂಡು! ಅದನ್ನು ಟೈಪ್ ಮಾಡಿದವಳು ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿತ್ತು. ಒಂದು ವರ್ಷದಿಂದ ಅವಳನ್ನು ಬಚ್ಚಿಟ್ಟು ಕಾಯುವ ಕೆಲಸ ನನ್ನದು. ಇವತ್ತು ಇವರ ಕೈಗೆ ಸಿಕ್ಕಿದರೆ ಅವಳು ನಾಳೆಯನ್ನು ನೋಡುವುದಿಲ್ಲ.

"ಸಾಕು ಬಿಡು ಬೀರು," ಎಂದ ಗುಮಾಸ್ತ. "ಇವರು ಎಲ್ಲಾನೂ ಬರೆದಿಡ್ತಾರೆ."

ನಿಜ. ಬರೆದಿಡುತ್ತೇನೆ.

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಆರ್ಗನೈಸರ್ ಇದೆ. ಅದರಲ್ಲಿ ಸಾವಿರದ ನೂರ ನಲವತ್ತು ಜನ. ಒಬ್ಬೊಬ್ಬರ ಕೆಳಗೂ ನೋಟ್ಸ್. ಯಾರ ಜೊತೆ ಮಾತಾಡಿದರೂ ಒಂದು ತಾರೀಖು, ಒಂದು ಸಾಲು. ಲಾಡ್ಜ್ ಮ್ಯಾನೇಜರನ ಮಂಡಿನೋವು, ಜೈಲರನ ಮಗಳ ಪರೀಕ್ಷೆ, ಪೋಸ್ಟ್‌ಮ್ಯಾನ್‌ನ ಮಾವನನ್ನು ಯಾವ ಆಸ್ಪತ್ರೆಗೆ ಸೇರಿಸಿದ್ದಾರೆ... ಎಲ್ಲ! ಫೋನ್ ಎರಡು ಸಲ ಬಡಿದುಕೊಳ್ಳುವಷ್ಟರಲ್ಲಿ ಓದಿಕೊಂಡು, "ಮಂಡಿ ಹೇಗಿದೆ ಸಾರ್?" ಅನ್ನುತ್ತೇನೆ. ಇವನಷ್ಟು ಒಳ್ಳೆಯವನು ಯಾರೂ ಇಲ್ಲ ಅಂದುಕೊಂಡು ಅವರು ಬಾಯಿ ಬಿಡುತ್ತಾರೆ. ಖಾಸಗಿ ಪತ್ತೇದಾರನಾದ ನನ್ನ ಹೊಟ್ಟೆಪಾಡು ನಡೆಯುವುದೇ ಹಾಗೆ.

ಗುಮಾಸ್ತ ಲ್ಯಾಪ್‌ಟಾಪ್ ಎತ್ತಿ ತಳ ನೋಡಿದ. ಪಾಸ್‌ವರ್ಡಿನ ಚೀಟಿಯನ್ನು ಅಲ್ಲೇ ಅಂಟಿಸಿದ್ದೆ. ನನಗೆ ಮರೆವು ಜಾಸ್ತಿ. ಅದಕ್ಕೇ ತಾನೇ ಇಷ್ಟೆಲ್ಲ ಬರೆಯುವುದು!

'ಟೈಪಿಸ್ಟ್' ಎಂದು ಹುಡುಕಿದ. ಸಿಕ್ಕಿತು. ಒಂದು ವರ್ಷ, ಹನ್ನೊಂದು ಜಾಗ, ಹನ್ನೊಂದು ಸಾಲು.

ನಡುವಿನದನ್ನು ಅವನು ನೋಡಲೇ ಇಲ್ಲ. ಬೆರಳನ್ನು ಜಾರಿಸಿಕೊಂಡು ಹೋಗಿ ಕೊನೆಯ ಸಾಲಿನಲ್ಲಿ ನಿಲ್ಲಿಸಿದ.

"ಹದಿಮೂರು, ಎರಡು. ಟಾಕೀಸ್ ಹಿಂದಿನ ಬೀದಿ, ನೀಲಿ ಗೇಟು, ಮಹಡಿ ರೂಮು." ಅವನ ಮುಖ ಅರಳಿತು. "ನಿನ್ನೆ ತಾರೀಖು!"

ಅವನು ಓದಿದ್ದು ತಪ್ಪು ಸಾಲು.

ಕೇಳಿ... ನಾನು ಹೊಸ ಸಾಲನ್ನು ಮೇಲೆ ಬರೆಯುತ್ತೇನೆ. ಹಳೆಯದು ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಫೋನ್ ಬಂದಾಗ ತಳದವರೆಗೆ ಓದಲು ಪುರುಸೊತ್ತೆಲ್ಲಿ? ಈಗಿನ ಜಾಗ ಮೊದಲ ಸಾಲಿನಲ್ಲೇ ಇತ್ತು: ಹನ್ನೆರಡು, ಎರಡು, ಪ್ರಿಂಟಿಂಗ್ ಪ್ರೆಸ್ ಹಿಂದಿನ ಕೋಣೆ. ಕೆಳಗಿನದೂ ನಿನ್ನೆಯ ತಾರೀಖೇ. ಆದರೆ ಹೋದ ವರ್ಷದ್ದು! ನಾನು ಇಸವಿ ಬರೆಯುವುದಿಲ್ಲ. ಸೋಮಾರಿತನ.

ಮೂವತ್ತು ವರ್ಷ ರಿಜಿಸ್ಟರ್ ಬರೆದ ಗುಮಾಸ್ತನಿಗೆ ಕಡೆಯಲ್ಲಿರುವುದೇ ಹೊಸದು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ನೀಲಿ ಗೇಟಿನ ಮನೆ ನನ್ನ ಅಕ್ಕನದು.

ಮೊದಲ ದಿನ ಟೈಪಿಸ್ಟನ್ನು ಇಡಲು ಬೇರೆ ಕಡೆ ಸಿಗದೆ ಅಕ್ಕನ ಮಹಡಿಗೆ ಕರೆದುಕೊಂಡು ಹೋಗಿದ್ದೆ. ಎರಡೇ ದಿನ, ಅಷ್ಟೆ.

"ಯಾರ ಮನೆ ಅದು?" ಎಂದ ಗುಮಾಸ್ತ.

ಅಕ್ಕನದು, ನೀವು ಮೇಲಿನ ಸಾಲು ನೋಡಿ ಎಂದರೆ ಅಕ್ಕ ಉಳಿಯುತ್ತಾಳೆ. ಟೈಪಿಸ್ಟ್ ಸಾಯುತ್ತಾಳೆ. ಅಮ್ಮ ಹೋದಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನಾರು. ನನ್ನನ್ನು ಸಾಕಿದವಳು ಅವಳು. ಟೈಪಿಸ್ಟ್ ನನಗೆ ಸಂಬಂಧದವಳಲ್ಲ, ಏನೂ ಅಲ್ಲ. ಸುಳ್ಳು ಯಾಕೆ ಹೇಳಲಿ, ನಾಲ್ಕು ಏಟಿಗೆ ಆಗದ ಭಯ ಆ ಒಂದು ಪ್ರಶ್ನೆಗೆ ಆಯಿತು.

"ಕೇಳಿಸ್ಲಿಲ್ವಾ? ಯಾರ ಮನೆ?"

ನಾನು ಬಾಯಿ ಬಿಡಲಿಲ್ಲ.

"ಮುಖ ಹೇಗೆ ಬಿಳಿಚಿಕೊಂಡಿದೆ ನೋಡು. ಅಲ್ಲೇ ಇದಾಳೆ!"

ಗುಮಾಸ್ತ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡ. ಬೀರು ನನ್ನ ಫೋನನ್ನು ಜೇಬಿಗೆ ಇಳಿಸಿದ. ಹೊರಗಿನಿಂದ ಬೀಗ ಹಾಕಿಕೊಂಡು ಹೋದರು. ಬೀಗವೂ ನನ್ನದೇ!

ಫೈಲ್ ಬೀರುವಿನ ಕಿತ್ತುಹೋದ ತಗಡಿನ ಅಂಚಿಗೆ ಟೇಪನ್ನು ಉಜ್ಜಿದೆ. ಟೇಪಿನ ಜೊತೆ ಚರ್ಮವೂ ಬಂತು. ಕಿಟಕಿ, ನೀರಿನ ಪೈಪು, ಕೆಳಗಿನ ಜೆರಾಕ್ಸ್ ಅಂಗಡಿಯ ಶೀಟು... ಧಡಾರ್!

"ಫೋನ್ ಕೊಡಿ!" ಎಂದೆ ಜೆರಾಕ್ಸಿನವನಿಗೆ.

"ತಗೊಳ್ಳಿ ಸಾರ್. ಮುಖಕ್ಕೇನಾಯ್ತು?"

ಫೋನ್ ಹಿಡಿದು ಕಂಬದ ಹಾಗೆ ನಿಂತೆ. ಅಕ್ಕನ ನಂಬರು ನನಗೆ ಬಾಯಿಗೆ ಬರಲಿಲ್ಲ. ಅದು ಗುಮಾಸ್ತನ ಕಂಕುಳಲ್ಲಿತ್ತು.

ಪೊಲೀಸರಿಗೆ ವಿಳಾಸ ಒದರಿದೆ. ಜೆರಾಕ್ಸಿನವನ ಸ್ಕೂಟರ್ ಕೀ ಕಿತ್ತುಕೊಂಡೆ. ಎರಡು ಸಿಗ್ನಲ್ ಹಾರಿಸಿದೆ. ಒನ್‌ವೇಯಲ್ಲಿ ಎದುರಿನಿಂದ ನುಗ್ಗಿದೆ. ಕನ್ನಡಕವಿಲ್ಲದ ಕಣ್ಣಿಗೆ ಎದುರು ಬಂದ ಬಸ್ಸು ಬಸ್ಸೆಂದು ತಿಳಿದದ್ದು ಡ್ರೈವರ್ ನನ್ನ ವಂಶವನ್ನೆಲ್ಲ ಎತ್ತಿ ಬೈದಾಗಲೇ. ಬೈಗುಳ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಕ್ಕ, ಅಕ್ಕ, ಅಕ್ಕ... ತಲೆಯಲ್ಲಿ ಅದೊಂದೇ.

ನೀಲಿ ಗೇಟು ಹಾರುಹೊಡೆದಿತ್ತು. ಮಹಡಿಯಲ್ಲಿ ಧಡ್ ಧಡ್ ಸದ್ದು.

ಅಕ್ಕ ಮೆಟ್ಟಿಲಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಒಗೆದ ಬಟ್ಟೆ ಮಡಿಸುತ್ತಾ... ಟೈಪಿಸ್ಟ್!

"ನೀವು ಪ್ರೆಸ್ ಹಿಂದೆ ಇರ್ಬೇಕಿತ್ತಲ್ಲಾ?"

"ವಾರಕ್ಕೊಂದ್ಸಲ ಅಕ್ಕನ್ನ ನೋಡೋಕೆ ಬರ್ತೀನಿ ಸಾರ್. ಒಂದು ವರ್ಷದಿಂದ."

ನನ್ನ ನೋಟ್ಸಿನಲ್ಲಿ ಇದು ಇರಲಿಲ್ಲ.

"ಯಾರೋ ಇಬ್ರು ಬಂದು ಟೈಪಿಸ್ಟ್ ಎಲ್ಲಿ ಅಂದ್ರು," ಎಂದಳು ಅಕ್ಕ. "ಇವಳು ಅಡುಗೆಮನೇಲಿದ್ಲು. ಮಹಡಿ ಮೇಲಿದಾಳೆ, ಹೋಗಿ ಅಂದೆ. ಹೋದ್ರು. ಹಿಂದೇನೇ ಹೋಗಿ ಚಿಲಕ ಹಾಕ್ಬಿಟ್ಟೆ. ಆ ದಪ್ಪಗಿರೋನು ಒದೀತಾನೇ ಇದಾನೆ. ಹಳೇ ಬಾಗಿಲು, ಜಗ್ಗಲ್ಲ."

ಪೊಲೀಸರು ಬಂದರು. ಬೀರು, ಗುಮಾಸ್ತ ಇಬ್ಬರನ್ನೂ ಜೀಪಿಗೆ ತುಂಬಿದರು. ನನ್ನ ಲ್ಯಾಪ್‌ಟಾಪ್ ಮೆಟ್ಟಿಲಿನ ಮೇಲೆ ಉಳಿಯಿತು.

"ನನ್ನ ಮನೆ ಅವ್ರಿಗೆ ಹೇಗೆ ಗೊತ್ತಾಯ್ತೋ?" ಎಂದಳು ಅಕ್ಕ.

ಹೇಳಿದೆ. ಏನನ್ನೂ ಬಚ್ಚಿಡಲಿಲ್ಲ.

"ಇಲ್ಲಿಗೇ ಬರ್ತಾರೆ ಅಂತ ಗೊತ್ತಿದ್ದೂ ಸುಮ್ನಿದ್ಯಾ?"

"ಹೂಂ."

ಅಕ್ಕ ಒದ್ದೆ ಟವಲಿನಿಂದ ನನ್ನ ತುಟಿಯ ರಕ್ತ ಒರೆಸಿದಳು. ಒರೆಸಿದ್ದು ಪಾತ್ರೆ ಉಜ್ಜಿದ ಹಾಗೆ.

"ಸರಿಯಾಗೇ ಮಾಡಿದೀಯ," ಎಂದಳು. "ನಾಲ್ಕು ದಿನ ನನ್ನ ಕಣ್ಣಿಗೆ ಬೀಳ್ಬೇಡ. ಅದಕ್ಕೆ ಮುಂಚೆ ಆ ಮಷೀನ್ ತೆಗಿ. ನನ್ನ ಬಗ್ಗೆ ಏನೇನು ಬರ್ಕೊಂಡಿದೀಯ, ನಾನೂ ನೋಡ್ತೀನಿ."

ತೆಗೆದೆ. ಅಕ್ಕ. ಒಂದು ಫೋನ್ ನಂಬರು. ಅದರ ಕೆಳಗೆ ಖಾಲಿ. ಸಾವಿರದ ನೂರ ನಲವತ್ತು ಜನರಲ್ಲಿ ಒಂದೂ ಸಾಲಿಲ್ಲದವಳು ಅವಳೊಬ್ಬಳೇ!

"ಏನೂ ಇಲ್ವಲ್ಲೋ!"

"ನಿಂದೂ ಬರೆದಿಡ್ಬೇಕಾ ಅಕ್ಕಾ? ನೆನಪಿರುತ್ತೆ."

"ಹೌದಾ? ನಾನು ಹುಟ್ಟಿದ ದಿನ ಯಾವತ್ತು, ಹೇಳು."

ಟೈಪಿಸ್ಟ್ ತಲೆ ತಗ್ಗಿಸಿ ಇನ್ನೊಂದು ಬಟ್ಟೆ ಮಡಿಸತೊಡಗಿದಳು. ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಆ ದಿನ ಎರಡು ಪ್ರಶ್ನೆಗಳಿಗೆ ನಾನು ಬಾಯಿ ಬಿಡಲಿಲ್ಲ. ಗುಮಾಸ್ತನ ಪ್ರಶ್ನೆಗಾದರೆ ನನಗೆ ಉತ್ತರ ಗೊತ್ತಿತ್ತು.