ಏದುಸಿರಿನ ಮಾತು

ಅನಿಲ್‌ಕುಮಾರನ ಕೈಯಲ್ಲಿದ್ದ ಬ್ಯಾಗು ದೊಪ್ಪನೆ ಅಂಗಳಕ್ಕೆ ಬಿತ್ತು. ಕಣ್ಣ ಮುಂದಿನದನ್ನು ನಂಬಲು ಅವನಿಂದ ಆಗಲೇ ಇಲ್ಲ. ದೀಪಾವಳಿ ಕಳೆದ ವಾರದಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋಗಿದ್ದ ಅವನ ತಾಯಿ ಕಾಂತಮ್ಮ, ಕಾಫಿ ಒಣಗಿಸುವ ಕಣದಲ್ಲಿ ಏದುಸಿರು ಬಿಡುತ್ತಾ ಬಿರಬಿರನೆ ಕಾಲೆಳೆದುಕೊಂಡು ನಡೆಯುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿತ್ತು. ಸೊಂಟಕ್ಕೆ ಹಳೆ ಸೀರೆಯ ಪಟ್ಟಿಯೊಂದು ಬಿಗಿದಿತ್ತು. ಆ ಪಟ್ಟಿಯನ್ನು ಹಿಂದಿನಿಂದ ಹಿಡಿದು ಅವನ ಹೆಂಡತಿ ಸುಧಾ ಕೂಗುತ್ತಿದ್ದಳು.

“ನಿಲ್ಬೇಡಿ ಅತ್ತೆ! ಇನ್ನೂ ಜೋರು... ಇನ್ನೂ ಜೋರು!”

“ಸುಧಾ! ಏನೇ ಮಾಡ್ತಿದ್ದೀಯ ನೀನು?!”

ಸುಧಾ ತಿರುಗಿ ನೋಡಿದಳು. ಪಾಪ, ಅವಳ ಮುಖದ ತುಂಬ ಸಂತೋಷವಿತ್ತು! ಅತ್ತೆ ಆಗತಾನೆ ಊರುಗೋಲು ಬಿಸಾಡಿ, ಕಣದ ಆ ತುದಿಯಿಂದ ಈ ತುದಿಗೆ ತಾವಾಗಿಯೇ ಬಂದಿದ್ದರು. ಅದನ್ನೇ ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕಾಂತಮ್ಮ ಓಡಿಬಂದ ಮಗನ ತೋಳಿಗೆ ಒರಗಿ, ಉಸಿರು ಎಳೆದುಕೊಳ್ಳುತ್ತಾ ಅತ್ತುಬಿಟ್ಟರು.

“ನೋಡು ಮಗಾ... ನಿನ್ನ ಹೆಂಡ್ತಿ... ನನ್ನ ಸಾಯಿಸ್ತಾವ್ಳೆ ಕಣಪ್ಪಾ...!”

ಸುಧಾಳ ಕೈಯಿಂದ ಪಟ್ಟಿ ಜಾರಿತು. ಇಷ್ಟು ದಿನ ಬೆಳಿಗ್ಗೆ ಸಂಜೆ ತನ್ನೊಡನೆ ನಡೆದ ಜೀವ, ಹೀಗೆಂದುಬಿಟ್ಟಿತೇ? ಅವಳಿಗೆ ಅಳುವೂ ಬರಲಿಲ್ಲ.

ಆ ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ಮಾತು ನಿಂತು ನಾಲ್ಕು ವರ್ಷವಾಗಿತ್ತು. ಜಗಳಗಂಟಿ ಅತ್ತೆಯನ್ನಾದರೂ ಸಹಿಸಬಹುದು, ಮಾತೇ ಆಡದ ಅತ್ತೆಯೊಡನೆ ಒಂದೇ ಒಲೆಯ ಮುಂದೆ ಬಾಳುವುದು ಎಂಥದೆಂದು ಬಾಳಿದವರೇ ಹೇಳಬೇಕು! ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಿಳಿಸಬೇಕಾದರೂ ಕಾಂತಮ್ಮ ಬಾಗಿಲಲ್ಲಿ ಮಲಗಿದ ನಾಯಿಗೆ ಹೇಳುತ್ತಿದ್ದರು. “ಕೇಳ್ದೇನ್ಲಾ ಕರಿಯ, ಈ ಮನೆಗೆ ಉಪ್ಪು ಬಿಟ್ಟಿ ಬತ್ತದೆ.” ಕರಿಯ ಬಾಲ ಅಲ್ಲಾಡಿಸುತ್ತಿತ್ತು, ಸೊಸೆ ಮಾರನೆಯ ದಿನ ಉಪ್ಪು ಕಡಿಮೆ ಹಾಕುತ್ತಿದ್ದಳು.

ಮಾತು ನಿಂತದ್ದು ಮಾವ ಸಿದ್ದಣ್ಣನವರ ದೆಸೆಯಿಂದ. ಅವರಿಗೂ ಇದೇ ಲಕ್ವ ಹೊಡೆದಿತ್ತು. “ಮಾವನ್ನ ಎಬ್ಬಿಸಿ ನಡೆಸೋಣ ಅತ್ತೆ” ಎಂದು ಸುಧಾ ಆಗ ಕೈಮುಗಿದು ಬೇಡಿದ್ದಳು. ಕಾಂತಮ್ಮ ಕೆಂಡವಾದರು. ಗಂಡನ ಪಾದ ನೆಲಕ್ಕೆ ತಾಗಲೂ ಬಿಡಲಿಲ್ಲ. ಬೆನ್ನಿಗೆ ದಿಂಬು, ಮೈಗೆ ಎಣ್ಣೆ, ಬಾಯಿಗೆ ಗಂಜಿ... ಹೆಂಡತಿಯೆಂದರೆ ಹೀಗಿರಬೇಕೆಂದು ಊರೆಲ್ಲ ಹೊಗಳಿತು. ಸಿದ್ದಣ್ಣ ಆ ಮಂಚದಲ್ಲೇ ಸವೆದು, ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡರು. ಕಾಯಿಲೆಯ ಮನುಷ್ಯನನ್ನು ಎಳೆದಾಡಿಸಲು ನೋಡಿದವಳೆಂಬ ಸಿಟ್ಟು ಮಾತ್ರ ಕಾಂತಮ್ಮನ ಎದೆಯಲ್ಲಿ ಹಾಗೇ ಉಳಿಯಿತು.

ಈಗ ಅದೇ ಕಾಂತಮ್ಮನಿಗೆ ಅದೇ ಕಾಯಿಲೆ! ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಸೊಸೆಯ ಕಾಲ ಬಂತೆಂದು ನೆರೆಯವರು ನಕ್ಕರು. ಸುಧಾ ಹಾಗೆ ಎಣಿಸುವವಳಲ್ಲ. ಅನಿಲ್ ಅಮ್ಮತ್ತಿಯ ಕಡೆ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್, ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾದರೆ ವಾರಗಟ್ಟಲೆ ಊರಿಗೆ ಬರುವಂತಿಲ್ಲ. ಆಸ್ಪತ್ರೆಗೆ ಓಡಾಡಿದವಳೂ, ಫಿಸಿಯೋಥೆರಪಿಯ ಶೋಭಿತಾ ಹೇಳಿದ್ದನ್ನು ಕೇಳಿಸಿಕೊಂಡವಳೂ ಅವಳೇ.

“ನಡಿಗೆ ಎರಡು ಥರ ಅಕ್ಕ. ಸುಮ್ನೆ ಅಡ್ಡಾಡೋದು ಒಂದು, ಅದ್ರಿಂದ ಲಾಭ ಕಮ್ಮಿ. ಉಸಿರು ಏರೋ ಹಂಗೆ ಬಿರುಸಾಗಿ ನಡೆಯೋದು ಇನ್ನೊಂದು. ನಡಿಗೆ ವಾಪಸ್ ಬರೋಕೆ ಅದೇ ಹೆಚ್ಚು ಒಳ್ಳೇದು. ಎಲ್ರಿಗೂ ಹೇಳಲ್ಲ, ಆದ್ರೆ ಇವರ ಹಾರ್ಟು, ಬಿಪಿ ಎಲ್ಲಾ ಡಾಕ್ಟ್ರು ನೋಡಿ ಒಪ್ಪಿದ್ದಾರೆ. ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ನಿಧಾನ.”

“ಎಷ್ಟು ಜೋರು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?”

“ಮಾತಾಡಿಸ್ತಾ ಇರಿ. ಹಾಡು ಹೇಳೋಕಾದ್ರೆ ನಡಿಗೆ ಸಾಲದು. ಮಾತೇ ಹೊರಡದಿದ್ರೆ ಹೆಚ್ಚಾಯ್ತು, ಕೂರಿಸಿಬಿಡಿ. ತುಂಡು ತುಂಡಾಗಿ ಮಾತು ಬರ್ತಿದ್ರೆ ಸರಿಯಾಗಿದೆ.”

ಮಾತಾಡಿಸುವುದಂತೆ! ಆ ಮನೆಯಲ್ಲಿ ಆಗದ ಕೆಲಸವೆಂದರೆ ಅದೊಂದೇ. ಕಡೆಗೆ ಕರಿಯನೇ ಕಾಪಾಡಿತು. ಹರವಿದ ಕಾಫಿಯ ಪಕ್ಕದಲ್ಲಿ ಸುಧಾ ದಾರಿ ಬಿಡಿಸಿಕೊಂಡು ಅತ್ತೆಯನ್ನು ನಡೆಸುವಾಗ ನಾಯಿಯೂ ಜೊತೆಗೆ ನಡೆಯುತ್ತಿತ್ತು. “ಲೋ ಕರಿಯ... ಇವಳ ವಂಶದಲ್ಲಿ... ಯಾರಿಗಾದ್ರೂ... ಕರುಣೆ ಐತೇನ್ಲಾ...” ಬೈಗುಳ ಸರಾಗವಾಗಿ ಹರಿದರೆ ಸುಧಾ ನಡಿಗೆಯನ್ನು ಬಿರುಸು ಮಾಡಿಸುವಳು. ತುಂಡಾದರೆ ಅದೇ ವೇಗ. ನಿಂತೇಹೋದರೆ ಕುರ್ಚಿ, ಒಂದು ಲೋಟ ನೀರು. ಬೈಸಿಕೊಂಡು ಹಿಗ್ಗಿದ ಸೊಸೆ ಈ ಸೀಮೆಯಲ್ಲಿ ಅವಳೊಬ್ಬಳೇ ಇರಬೇಕು. ಮಡಚಿಹೋಗಿದ್ದ ಕಾಲು ದಿನದಿನಕ್ಕೆ ನೆಟ್ಟಗಾಗುತ್ತಿತ್ತು.

ಇದನ್ನೆಲ್ಲ ಗಂಡನಿಗೆ ಬಿಡಿಸಿ ಹೇಳಿದಳು. ಅವನ ಕಿವಿಯಲ್ಲಿ ತಾಯಿಯ ಏದುಸಿರೊಂದೇ ತುಂಬಿತ್ತು.

“ಇನ್ಮೇಲೆ ಅವ್ವನ್ನ ಮುಟ್ಟಬೇಡ ನೀನು! ಅಪ್ಪನ ವಿಷಯದಾಗೆ ಮಾತು ಬಿಟ್ಟ ಸೇಡು ಅವ್ವನ ಮೇಲೆ ತೀರಿಸ್ಕೋತಿದ್ದೀಯಾ?”

“ಸೇಡಾ...! ರೀ, ನಾನು...”

“ಸಾಕು!”

ಕುಶಾಲನಗರದಿಂದ ಕಾಂತಮ್ಮನ ಮಗಳು ಸೌಜನ್ಯ ಬಂದಿಳಿದಳು. “ಅವ್ವನ್ನ ನಾನು ಹೂವಿನ ಹಂಗೆ ನೋಡ್ಕೋತೀನಿ” ಎಂದಳು, ಹಾಗೆಯೇ ನೋಡಿಕೊಂಡಳು. ಮಂಚದಿಂದ ಜಗಲಿಗೆ, ಜಗಲಿಯಿಂದ ಮಂಚಕ್ಕೆ, ಎರಡೂ ತೋಳು ಹಿಡಿದು ಮೆಲ್ಲಗೆ. ಹಣೆಯಲ್ಲಿ ಬೆವರು ಮೂಡುವ ಮೊದಲೇ ಕೂರಿಸಿಬಿಡುತ್ತಿದ್ದಳು. ಅದರಲ್ಲಿ ಮೋಸವಿರಲಿಲ್ಲ, ಮಗಳ ಪ್ರೀತಿಯೇ ಇತ್ತು. ಆದರೆ ಕಣದ ಕಾಫಿ ಮೂಟೆ ಸೇರಿ ಗಿಡಗಳಲ್ಲಿ ಹೂ ಬಿಡುವ ಹೊತ್ತಿಗೆ ಕಾಂತಮ್ಮನನ್ನು ಎಬ್ಬಿಸಲು ಇಬ್ಬರು ಬೇಕಾದರು. ಮೆಟ್ಟಿಲು ಇಳಿದರೆ ಉಬ್ಬಸ. ಸುಧಾ ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿ ಸೆರಗು ಬಾಯಿಗೊತ್ತಿಕೊಳ್ಳುತ್ತಿದ್ದಳು.

ಆಸ್ಪತ್ರೆಯಲ್ಲಿ ಮತ್ತೆ ತೋರಿಸುವ ದಿನ ಎಲ್ಲರೂ ಹೋದರು. ಶೋಭಿತಾ ಕಾಂತಮ್ಮನನ್ನು ಉದ್ದನೆಯ ಪಡಸಾಲೆಯಲ್ಲಿ ನಡೆಸಿ ನೋಡಿದಳು. ಅರ್ಧಕ್ಕೇ ನಿಂತ ಕಾಂತಮ್ಮ ಗೋಡೆ ಹಿಡಿದರು. ಶೋಭಿತಾಳ ಮುಖ ಬಿಳಿಚಿಕೊಂಡಿತು.

“ಹೋದ ಸಲ ಇಲ್ಲಿಂದ ಅಲ್ಲಿಗೆ ಹೋಗಿ ಬಂದಿದ್ರಲ್ಲ ಅಮ್ಮ! ಬಿರುಸು ನಡಿಗೆ ನಿಲ್ಲಿಸಿದ್ಯಾರು?”

“ನಾನೇ ನಿಲ್ಲಿಸಿದ್ದು” ಎಂದ ಅನಿಲ್. “ಬೆವರು ಕಿತ್ಕೊಂಡು, ಏದುಸಿರು ಬರೋ ಹಂಗೆ ನಡೆಸ್ತಿದ್ಲು ಇವಳು.”

“ಹಂಗೇ ನಡೆಸಿ ಅಂತ ಹೇಳಿದ್ದು ನಾನೇ ಸರ್!”

ಅನಿಲ್ ಬೆಪ್ಪಾದ. ಹೆಂಡತಿಯ ಮುಖ ನೋಡಲು ಧೈರ್ಯ ಸಾಲದೆ ತಾಯಿಯ ಕಡೆ ತಿರುಗಿದ. “ಅವ್ವಾ... ಸಾಯಿಸ್ತಾವ್ಳೆ ಅಂದ್ಯಲ್ಲ?”

ಕಾಂತಮ್ಮ ಗೋಡೆಗೆ ಹಣೆ ಒತ್ತಿ ನಿಂತರು.

“ಸುಳ್ಳು ಹೇಳ್ದೆ ಕಣೋ! ಆವತ್ತು ಕೋಲು ಬಿಟ್ಟು ನಡೆದೆ... ಕಾಲು ಬಂತು... ಬಂದ ಕೂಡ್ಲೇ ಎದೆ ಒಡೆದೋಯ್ತು! ನಡೆದ್ರೆ ಕಾಲು ಬತ್ತದೆ ಅಂದ್ರೆ... ನಿಮ್ಮಪ್ಪನ್ನ ಆ ಮಂಚದಾಗೆ ಮಲಗಿಸಿ ಕೊಂದೋಳು ಯಾರೋ? ನಾನೇ ತಾನೆ...? ನಾನೇ ತಾನೆ...!”

“ಅವ್ವಾ!” ಎಂದು ಸೌಜನ್ಯ ಚೀರಿದಳು. ಶೋಭಿತಾ ಕುರ್ಚಿ ಎಳೆದು ಕಾಂತಮ್ಮನನ್ನು ಕೂರಿಸಿದಳು. ಒಂದೊಂದು ಹೆಜ್ಜೆ ಸುಧಾರಿಸಿದಾಗಲೂ ಈ ಜೀವ ಒಳಗೆ ಎಂಥ ಬೆಂಕಿ ತುಳಿದಿತ್ತೆಂದು ಸುಧಾಳಿಗೆ ಆಗ ಅರ್ಥವಾಯಿತು.

ಮನೆಗೆ ಬಂದ ಕಾಂತಮ್ಮ ಸಿದ್ದಣ್ಣ ಮಲಗುತ್ತಿದ್ದ ಮಂಚವನ್ನೇ ಹಾಕಿಸಿ ಮಲಗಿದರು. ಗಂಜಿ ಮುಟ್ಟಲಿಲ್ಲ. “ಅವರು ಹೆಂಗೆ ಹೋದ್ರೋ ನಾನೂ ಹಂಗೇ ಹೋಯ್ತೀನಿ” ಎಂದು ಗೋಡೆಯ ಕಡೆ ಹೊರಳಿದರು. ಅನಿಲ್ ಕಾಲು ಹಿಡಿದ, ಮಗಳು ಅತ್ತಳು. ಯಾವುದೂ ನಡೆಯಲಿಲ್ಲ. ಹೀಗೇ ಬಿಟ್ಟರೆ ಅತ್ತೆ ಉಳಿಯುವುದಿಲ್ಲವೆಂದು ಸುಧಾಳಿಗೆ ಖಚಿತವಾಯಿತು. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು.

“ಅತ್ತೆ... ನೀವು ಮಾವನ್ನ ಕೊಲ್ಲಲಿಲ್ಲ. ಮಾವನ ಹೃದಯ ಸೋತಿತ್ತು. ಅವರನ್ನ ನಡೆಸಲೇಬೇಡಿ ಅಂತ ಡಾಕ್ಟ್ರು ಆವತ್ತೇ ನಂಗೆ ಹೇಳಿದ್ರು. ನಾನು ಯಾರಿಗೂ ಹೇಳಲಿಲ್ಲ, ನಡೆಸಿ ನಡೆಸಿ ಅಂತ ಹಟ ಹಿಡಿದೆ. ಮಲಗಿಸಿ ನೀವು ಒಳ್ಳೇದೇ ಮಾಡಿದ್ರಿ. ತಪ್ಪು ನಂದು.”

ಸೌಜನ್ಯ ದಿಗ್ಗನೆ ಎದ್ದಳು. “ಅತ್ತಿಗೆ! ಗೊತ್ತಿದ್ದೂ ಅಪ್ಪನ್ನ ಎಬ್ಬಿಸೋಕೆ ನೋಡಿದ್ರಾ? ನಿಮ್ಮ ಮುಖ ನೋಡಿದ್ರೂ ಪಾಪ!” ಎಂದು ಚೀಲ ತುಂಬಿಕೊಂಡು ಆಗಲೇ ಬಸ್ಸು ಹಿಡಿಯಲು ಹೊರಟಳು. ಒಂದೇ ವಾರದಲ್ಲಿ ಎರಡನೆಯ ಸಲ ಅನಿಲ್‌ಗೆ ಹೆಂಡತಿ ಯಾರೆಂದೇ ತಿಳಿಯದಾಯಿತು. ಸುಧಾ ತಲೆಯೆತ್ತಲಿಲ್ಲ. ಕಾಂತಮ್ಮ ಮಾತ್ರ ಹೊರಳಿ ಸೊಸೆಯನ್ನು ನೋಡುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಸುಧಾ ಒಲೆ ಹಚ್ಚುತ್ತಿದ್ದಾಗ ಹಿಂದೆ ಕೋಲಿನ ಸದ್ದಾಯಿತು. ಒಬ್ಬರೇ ಹೇಗೋ ಎದ್ದು ಬಂದ ಕಾಂತಮ್ಮ ಬಾಗಿಲಿಗೆ ಒರಗಿ ನಿಂತಿದ್ದರು, ಹೆಗಲ ಮೇಲೆ ಆ ಸೀರೆಯ ಪಟ್ಟಿ! ಸುಧಾ ಅದನ್ನು ಅತ್ತೆಯ ಸೊಂಟಕ್ಕೆ ಕಟ್ಟಿದಳು. ಬರಿದಾದ ಕಣದಲ್ಲಿ ಮೊದಲು ನಿಧಾನವಾಗಿ, ಆಮೇಲೆ ಬಿರುಸಾಗಿ ನಡೆದರು. ಕರಿಯನೂ ಬಂತು. ಅದಕ್ಕೆ ಒಂದು ಮಾತೂ ಸಿಗಲಿಲ್ಲ. ಉಸಿರು ಏರಿತು. ಅತ್ತೆಯ ಬಾಯಿ ಬಿಗಿದೇ ಇತ್ತು.

“ಅತ್ತೆ, ಮಾತಾಡಿ... ಕರಿಯಂಗಾದ್ರೂ ಏನಾದ್ರೂ ಹೇಳಿ. ಇಲ್ದಿದ್ರೆ ಕೂರಿಸಿಬಿಡ್ತೀನಿ.”

“ಸುಧಾ...”

ನಾಲ್ಕು ವರ್ಷದ ಮೇಲೆ ಆ ಬಾಯಿಂದ ತನ್ನ ಹೆಸರು ಕೇಳಿ ಅವಳ ಮೈ ಝುಮ್ಮೆಂದಿತು.

“ನಿನ್ನ ಮಾವನ್ನ ತೋರಿಸ್ದ ದಿನ... ಡಾಕ್ಟ್ರ ರೂಮಿನಾಗೆ... ನಾನೂ ಇದ್ದೆ ಕಣೇ... ನಿನ್ನ ಪಕ್ಕದಾಗೇ ಕೂತಿದ್ದೆ... ನಡೆಸಿ ಅಂತಲೇ... ಡಾಕ್ಟ್ರು ಹೇಳಿದ್ದು... ಕೇಳಿಸ್ಕೊಂಡೂ... ಮಲಗಿಸ್ದೆ...”

ಸುಧಾ ನಿಂತುಬಿಟ್ಟಳು. ಕಣ್ಣೀರು ದಳದಳನೆ ಇಳಿಯಿತು. “ಅತ್ತೆ... ನೀವು ಪ್ರೀತಿಯಿಂದ...”

“ನನ್ನ ಪಾಪ... ನೀನು ಹೊತ್ಕೊಂಡ್ಯಲ್ಲೇ ತಾಯಿ... ಇಳಿಸು ಅದನ್ನ... ಸೌಜನ್ಯಂಗೆ ನಾನೇ ಹೇಳ್ತೀನಿ... ನಾನೇ ಹೊತ್ಕೊಂಡು ನಡೀತೀನಿ...”

ಕಾಂತಮ್ಮ ಎಡಗೈಯನ್ನು ಹಿಂದಕ್ಕೆ ಚಾಚಿ, ಸೊಸೆಯ ಕೈ ಹುಡುಕಿ, ಜಾರುತ್ತಿದ್ದ ಪಟ್ಟಿಯನ್ನು ಮತ್ತೆ ಅದರಲ್ಲಿ ಇಟ್ಟರು.

“ನಿಂತ್ಯಾಕೆ...? ಜೋರಾಗಿ ನಡೆಸು.”